ವೈದ್ಯರನ್ನು ಕೇಳಿ: ಅಕ್ಯುಪಂಕ್ಚರ್ ಸೂಜಿ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಕಳೆದ ಸಂಚಿಕೆಯಲ್ಲಿ ಬಹುಕಾಲದ ನೋವಿನ ಬಗ್ಗೆ ಬರೆಯುವಾಗ, ಕೆಲವರಿಗೆ ಅಕ್ಯುಪಂಕ್ಚರ್‌ನಿಂದಲೂ (ದೇಹದ ಕೆಲವು ಬಿಂದುಗಳಲ್ಲಿ ಸಣ್ಣ ಸೂಜಿಯಿಡುವ ಚೀನೀ ಚಿಕಿತ್ಸೆ) ಸ್ವಲ್ಪ ನೆರವಾಗುತ್ತದೆ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೆ. ಆ ಒಂದು ಸಾಲನ್ನು ಹಿಡಿದು ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಮಂದ್ರೂಪಗಳ ಕಡೆಯಿಂದ ಇಷ್ಟೊಂದು ಪತ್ರಗಳು ಬರುತ್ತವೆಂದು ನಾನು ಎಣಿಸಿರಲಿಲ್ಲ. ಸೊಲ್ಲಾಪುರದ ನನ್ನ ನೋವು ಚಿಕಿತ್ಸಾಲಯದಲ್ಲಿ ಮಾತ್ರೆ, ವ್ಯಾಯಾಮಗಳ ಜೊತೆಗೆ ಈ ಸೂಜಿಗಳನ್ನೂ ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ಆದ್ದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟಿದ್ದೇನೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇನೆ. ಬರೆದವರ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ವಯಸ್ಸು 67. ಎರಡೂ ಮೊಣಕಾಲು ಸವೆದಿವೆ ಎಂದು ಎಕ್ಸ್‌ರೇ ನೋಡಿ ಹೇಳಿದ್ದಾರೆ. ಅಕ್ಯುಪಂಕ್ಚರ್ ಸೂಜಿಯಲ್ಲಿ ಔಷಧವೇ ಇರುವುದಿಲ್ಲವಂತೆ. ಹಾಗಿದ್ದ ಮೇಲೆ ನೋವು ಇಳಿಯುವುದು ಹೇಗೆ? ಚೀನಾದವರು ಹೇಳುವ ‘ಚಿ’ ಎಂಬುದು ನಮ್ಮ ಶಾಸ್ತ್ರದ ಪ್ರಾಣವಾಯುವೇ? — ಅಕ್ಕಲಕೋಟೆ

ಮಾಸ್ತರರೇ, ನೀವು ಕೇಳಿರುವ ಪ್ರಶ್ನೆಗೆ ಎರಡು ಉತ್ತರಗಳಿವೆ. ಒಂದು ಆ ಪದ್ಧತಿಯೊಳಗಿನವರು ಕೊಡುವುದು, ಇನ್ನೊಂದು ಪ್ರಯೋಗಶಾಲೆಗಳಲ್ಲಿ ಕಂಡುಬಂದದ್ದು. ಎರಡನ್ನೂ ಬೆರೆಸದೆ ಹೇಳುತ್ತೇನೆ.

ಸುಮಾರು 2000 ವರ್ಷಗಳ ಹಿಂದಿನ ಚೀನೀ ವೈದ್ಯಗ್ರಂಥಗಳ ಪ್ರಕಾರ ‘ಚಿ’ ಎಂಬ ಜೀವಶಕ್ತಿ ದೇಹದಲ್ಲಿ 12 ಮುಖ್ಯ ಹಾದಿಗಳ ಮೂಲಕ ಹರಿಯುತ್ತದೆ; ಅದರ ಹರಿವು ಎಲ್ಲಿಯಾದರೂ ತಡೆದು ನಿಂತರೆ ನೋವು ಹುಟ್ಟುತ್ತದೆ; ಹಾದಿಯ ಮೇಲಿರುವ ಬಿಂದುಗಳಲ್ಲಿ ಸೂಜಿಯಿಟ್ಟರೆ ತಡೆ ಬಿಡುತ್ತದೆ. ಇಂದು ಎಲ್ಲರೂ ಒಪ್ಪಿ ಬಳಸುವ ಪಟ್ಟಿಯಲ್ಲಿ ಇಂಥ ಬಿಂದುಗಳು 361 ಇವೆ. ‘ಚಿ’ ಎಂಬ ಕಲ್ಪನೆಗೂ ನಮ್ಮ ಪ್ರಾಣದ ಕಲ್ಪನೆಗೂ ಹೋಲಿಕೆ ಇರುವುದು ನಿಜ. ಆದರೆ ದೇಹವನ್ನು ಕೊಯ್ದು ನೋಡಿದವರಿಗೆ ಈ ಹಾದಿಗಳು ನರದಂತೆ, ರಕ್ತನಾಳದಂತೆ ಕೈಗೆ ಸಿಕ್ಕಿಲ್ಲ. ನಾನು ಅವುಗಳನ್ನು ಹಳೆಯ ವೈದ್ಯರು ತಮ್ಮ ಅನುಭವವನ್ನು ನೆನಪಿಟ್ಟುಕೊಳ್ಳಲು ಬರೆದುಕೊಂಡ ನಕ್ಷೆ ಎಂದು ಭಾವಿಸುತ್ತೇನೆ. ಊರಿಗೆ ಹೋಗಲು ನಕ್ಷೆ ನೆರವಾಗುತ್ತದೆ; ಹಾಗೆಂದು ನಕ್ಷೆಯ ಮೇಲಿನ ಗೆರೆ ನೆಲದ ಮೇಲೆ ಇರಬೇಕೆಂದಿಲ್ಲ.

ಇನ್ನು ಎರಡನೆಯ ಉತ್ತರ. ಸೂಜಿ ಚರ್ಮವನ್ನು ದಾಟಿ ಸ್ನಾಯುವಿನೊಳಗೆ ಹೋದಾಗ ಅಲ್ಲಿರುವ ಸಣ್ಣ ನರತಂತುಗಳು ಎಚ್ಚರಗೊಂಡು ಬೆನ್ನುಹುರಿಗೆ ಸುದ್ದಿ ಕಳುಹಿಸುತ್ತವೆ. ಮೊಣಕಾಲಿನ ನೋವಿನ ಸುದ್ದಿಯೂ ಅದೇ ಬೆನ್ನುಹುರಿಯ ಮೂಲಕವೇ ಮೆದುಳಿಗೆ ಏರಬೇಕಾದ್ದರಿಂದ ಅಲ್ಲಿ ಒಂದು ಸುದ್ದಿ ಇನ್ನೊಂದನ್ನು ತಡೆಯಲು ಸಾಧ್ಯವಿದೆ. ಬೆನ್ನುಹುರಿಯಲ್ಲಿ ನೋವಿಗೆ ತೆರೆದು ಮುಚ್ಚುವ ಬಾಗಿಲಿನಂಥ ವ್ಯವಸ್ಥೆಯಿದೆ ಎಂದು ಮೆಲ್ಜಾಕ್ ಮತ್ತು ವಾಲ್ ಎಂಬ ಇಬ್ಬರು ವಿಜ್ಞಾನಿಗಳು 1965ರಲ್ಲಿ ವಿವರಿಸಿದರು. ಕಾಲು ಕಲ್ಲಿಗೆ ಎಡವಿದ ಕೂಡಲೇ ನಾವು ಆ ಬೆರಳನ್ನು ಗಟ್ಟಿಯಾಗಿ ಹಿಡಿದು ತಿಕ್ಕುವುದು ಯಾರೂ ಕಲಿಸದೆಯೇ ಬಂದ ಇದೇ ಉಪಾಯ. ಸೂಜಿಯ ಸುದ್ದಿ ಅಲ್ಲಿಗೇ ನಿಲ್ಲದೆ ಮೆದುಳಿನ ಕಾಂಡದವರೆಗೂ ಹೋಗಿ, ದೇಹವೇ ತಯಾರಿಸುವ ಎಂಡಾರ್ಫಿನ್, ಎನ್‌ಕೆಫಾಲಿನ್ ಎಂಬ ನೋವುಶಾಮಕಗಳನ್ನು ಬಿಡುಗಡೆ ಮಾಡಿಸುತ್ತದೆ. ಇದು ಬರಿಯ ಊಹೆಯಲ್ಲ. ನಾಲೊಕ್ಸೋನ್ ಎಂಬ ಔಷಧವು ದೇಹದಲ್ಲಿ ಮಾರ್ಫೀನ್‌ನ ಕೆಲಸವನ್ನೂ ಅದರಂತೆಯೇ ವರ್ತಿಸುವ ಈ ಶಾಮಕಗಳ ಕೆಲಸವನ್ನೂ ತಡೆಯುತ್ತದೆ. 1970ರ ದಶಕದಲ್ಲಿ ಸ್ವಯಂಸೇವಕರ ಹಲ್ಲಿಗೆ ವಿದ್ಯುತ್ತಿನ ಪ್ರಚೋದನೆ ಕೊಟ್ಟು ನೋವನ್ನು ಅಳೆದ ಪ್ರಯೋಗವೊಂದರಲ್ಲಿ, ಸೂಜಿಯಿಂದ ಇಳಿದಿದ್ದ ನೋವು ನಾಲೊಕ್ಸೋನ್ ಕೊಟ್ಟ ಮೇಲೆ ಮರಳಿ ಬಂದಿತು. ಬೀಜಿಂಗ್‌ನ ಹಾನ್ ಜಿಶೆಂಗ್ ಅವರು ಸೂಜಿಗಳಿಗೆ ಸಣ್ಣ ವಿದ್ಯುತ್ ಹರಿಸಿ, ಸೆಕೆಂಡಿಗೆ 2 ಮಿಡಿತವಾದರೆ ಒಂದು ಬಗೆಯ ಶಾಮಕ, 100 ಮಿಡಿತವಾದರೆ ಇನ್ನೊಂದು ಬಗೆಯ ಶಾಮಕ ಬಿಡುಗಡೆಯಾಗುವುದನ್ನು ತೋರಿಸಿದರು. 2010ರಲ್ಲಿ ಅಮೆರಿಕದ ಸಂಶೋಧಕರು ಇಲಿಗಳ ಮೊಣಕಾಲಿನ ಬಳಿ ಸೂಜಿ ತಿರುಗಿಸಿದಾಗ ಅದೇ ಜಾಗದಲ್ಲಿ ನೋವನ್ನು ತಗ್ಗಿಸುವ ಅಡಿನೋಸಿನ್ ಎಂಬ ವಸ್ತು ಹೆಚ್ಚಿದ್ದನ್ನು ಅಳೆದರು. ಆ ವಸ್ತುವನ್ನು ಗುರುತಿಸಲಾರದ ಇಲಿಗಳಿಗೆ ಸೂಜಿಯಿಂದ ಪ್ರಯೋಜನವಾಗಲಿಲ್ಲ.

ಹೀಗೆ ಔಷಧವಿಲ್ಲದ ಸೂಜಿಯೂ ದೇಹದೊಳಗಿನ ಔಷಧವನ್ನು ಹೊರಡಿಸಬಲ್ಲದು. ಆದರೆ ಒಂದು ಮಾತನ್ನು ನೀವು ಗಮನಿಸಬೇಕು. ಮೇಲೆ ಹೇಳಿದ್ದೆಲ್ಲವೂ ನೋವನ್ನು ತಗ್ಗಿಸುವ ಬಗೆಯೇ ಹೊರತು, ಕೀಲಿನೊಳಗೆ ಸವೆದ, ಮೆತ್ತೆಯಂಥ ಮೃದ್ವಸ್ಥಿಯನ್ನು ಮತ್ತೆ ಬೆಳೆಸುವ ಬಗೆಯಲ್ಲ. ನಿಮ್ಮ ಎಕ್ಸ್‌ರೇ ಹತ್ತು ಸರದಿ ಸೂಜಿ ಹಾಕಿಸಿದ ನಂತರವೂ ಹಾಗೆಯೇ ಇರುತ್ತದೆ. ಮೊಣಕಾಲು ಸವೆತಕ್ಕೆ ಅಕ್ಯುಪಂಕ್ಚರ್ ಬೇಡ ಎಂದು ಯಾವ ಚಿಕಿತ್ಸೆ ಕೊಡಬೇಕೆಂದು ವೈದ್ಯರಿಗೆ ಸಲಹೆ ನೀಡುವ ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗದರ್ಶಿ ಹೇಳುತ್ತದೆ. ಅಮೆರಿಕದ ಸಂಧಿವಾತ ತಜ್ಞರ ಸಂಘವು 2019ರಲ್ಲಿ, ಪ್ರಯತ್ನಿಸಿ ನೋಡಬಹುದು ಎಂದು ಅಳೆದು ತೂಗಿ ಹೇಳಿದೆ. ಬಲ್ಲವರಲ್ಲೇ ಒಮ್ಮತವಿಲ್ಲದ ವಿಷಯ ಇದು. ತೊಡೆಯ ಸ್ನಾಯು ಬಲಗೊಳಿಸುವ ವ್ಯಾಯಾಮ, ತೂಕ ಹೆಚ್ಚಿದ್ದರೆ ಇಳಿಸುವುದು, ಇವೆರಡರ ಬಗ್ಗೆ ಮಾತ್ರ ಯಾರಲ್ಲೂ ಭಿನ್ನಾಭಿಪ್ರಾಯವಿಲ್ಲ. ಮೊದಲು ಅವನ್ನು ಮಾಡಿ. ನೋವಿನಿಂದಾಗಿ ವ್ಯಾಯಾಮವೇ ಆಗುತ್ತಿಲ್ಲವೆಂದಾದರೆ, ವ್ಯಾಯಾಮಕ್ಕೆ ಅನುವು ಮಾಡಿಕೊಡುವ ಮಟ್ಟಿಗೆ ಸೂಜಿಯನ್ನು ಬಳಸಿಕೊಳ್ಳಬಹುದು.

ನಿಮ್ಮ ಪತ್ರದ ಕೊನೆಯಲ್ಲಿ, ಈ ವಿದ್ಯೆಯನ್ನು ಭಾರತಕ್ಕೆ ತಂದವರು ನಮ್ಮ ಡಾ. ಕೋಟ್ನಿಸ್ ಅವರೇ ಅಲ್ಲವೇ ಎಂದು ಕೇಳಿದ್ದೀರಿ. ಸೊಲ್ಲಾಪುರದವರಿಗೆ ಹಾಗನ್ನಿಸುವುದು ಸಹಜ, ಆದರೆ ಸಂಗತಿ ಹಾಗಿಲ್ಲ. ಸೊಲ್ಲಾಪುರದಲ್ಲಿ 1910ರಲ್ಲಿ ಹುಟ್ಟಿದ ದ್ವಾರಕಾನಾಥ ಕೋಟ್ನಿಸ್ ಅವರು 1938ರಲ್ಲಿ ಐವರು ಭಾರತೀಯ ವೈದ್ಯರ ತಂಡದೊಂದಿಗೆ ಯುದ್ಧಪೀಡಿತ ಚೀನಾಕ್ಕೆ ಹೋದರು. ಶಸ್ತ್ರಚಿಕಿತ್ಸಕರಾಗಿ ಅಲ್ಲಿಯೇ ದುಡಿದು 1942ರ ಡಿಸೆಂಬರ್‌ನಲ್ಲಿ, 32ನೆಯ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡರು. ಅದೇ ತಂಡದಲ್ಲಿದ್ದ ಬಂಗಾಳದ ಡಾ. ಬಿ.ಕೆ. ಬಸು ಅವರು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಅಕ್ಯುಪಂಕ್ಚರ್ ಕಲಿತು ಬಂದು ಕೋಲ್ಕತ್ತಾದಲ್ಲಿ ಅದನ್ನು ನೆಲೆಗೊಳಿಸಿದರು. ಕೋಟ್ನಿಸರು ತಂದವರಲ್ಲ, ತಂದವರ ಒಡನಾಡಿ. ಅವರ ತ್ಯಾಗಕ್ಕೆ ಈ ಸೇರ್ಪಡೆಯ ಅಗತ್ಯವೂ ಇಲ್ಲ.

ಪ್ರಶ್ನೆ: ನನ್ನ ಅವ್ವ ಮೂವತ್ತು ವರ್ಷಗಳಿಂದ ಬೀಡಿ ಕಟ್ಟುತ್ತಾಳೆ. ಕುತ್ತಿಗೆ ಹಿಡಿದುಕೊಂಡು, ಸಂಜೆಯಾಗುತ್ತಲೇ ತಲೆನೋವು ಬರುತ್ತದೆ. ಸ್ಕ್ಯಾನ್‌ನಲ್ಲಿ ಹೆದರುವಂಥದ್ದೇನೂ ಇಲ್ಲ ಎಂದು ಹೇಳಿ ಅಕ್ಯುಪಂಕ್ಚರ್ ಮಾಡಿಸಿ ನೋಡಿ ಎಂದಿದ್ದಾರೆ. ಅವ್ವನಿಗೆ ಸೂಜಿ ಎಂದರೆ ಭಯ. ಮೊದಲ ದಿನ ಏನೇನು ಮಾಡುತ್ತಾರೆ, ಎಷ್ಟು ನೋವಾಗುತ್ತದೆ, ದಯವಿಟ್ಟು ವಿವರವಾಗಿ ತಿಳಿಸಿ. — ಸೊಲ್ಲಾಪುರ

ತಂಗಿ, ನಿನ್ನ ಅವ್ವನಿಗೆ ಓದಿ ಹೇಳಲು ಅನುಕೂಲವಾಗುವಂತೆ ಬರೆಯುತ್ತೇನೆ.

ಮೊದಲ ದಿನ ಸೂಜಿಗಿಂತ ಮಾತೇ ಹೆಚ್ಚು. ನೋವು ಎಂದು ಶುರುವಾಯಿತು, ಯಾವ ಹೊತ್ತಿಗೆ ಹೆಚ್ಚುತ್ತದೆ, ನಿದ್ದೆ ಹೇಗೆ, ಯಾವ ಮಾತ್ರೆಗಳು ನಡೆದಿವೆ ಎಂದು ಕೇಳುತ್ತಾರೆ. ಚೀನೀ ಪದ್ಧತಿಯಲ್ಲಿ ಕಲಿತವರಾದರೆ ನಾಲಗೆ ನೋಡುತ್ತಾರೆ, ನಾಡಿ ಹಿಡಿಯುತ್ತಾರೆ. ಹಳೆಯ ವರದಿಗಳನ್ನೂ ಮಾತ್ರೆಗಳ ಚೀಟಿಯನ್ನೂ ಮರೆಯದೆ ಒಯ್ಯಬೇಕು. ಆಮೇಲೆ ಕೈಯಿಂದ ಮುಟ್ಟಿ ನೋಡುವುದು. ಬೀಡಿ ಕಟ್ಟುವವರು ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ತಲೆ ಬಗ್ಗಿಸಿ, ಹೆಗಲನ್ನು ಕಿವಿಯ ಕಡೆಗೆ ಎತ್ತಿ ಗಂಟೆಗಟ್ಟಲೆ ಕೂರುತ್ತಾರೆ. ಹೀಗೆ ದುಡಿದ ತಾಯಂದಿರ ಹೆಗಲನ್ನು ಮುಟ್ಟಿದರೆ, ಕುತ್ತಿಗೆಯಿಂದ ಭುಜಕ್ಕೆ ಇಳಿಯುವ ಸ್ನಾಯುವಿನಲ್ಲಿ ಹುಣಸೆ ಬೀಜದಷ್ಟು ದೊಡ್ಡ ಗಂಟುಗಳು ಬೆರಳಿಗೆ ಸಿಗುತ್ತವೆ. ಒತ್ತಿದರೆ ನೋವು ಕಣ್ಣಿನ ಹಿಂದಕ್ಕೆ ಏರುತ್ತದೆ. ಎಲೆಯನ್ನು ಮಡಚಿ ಮಡಚಿ ಹೆಬ್ಬೆರಳಿನ ಬುಡವೂ ಉಬ್ಬಿರುತ್ತದೆ. ಎಲ್ಲಿ ಸೂಜಿಯಿಡಬೇಕು ಎಂಬುದರ ಅರ್ಧ ಉತ್ತರ ಈ ಮುಟ್ಟುವಿಕೆಯಲ್ಲೇ ಸಿಕ್ಕಿಬಿಡುತ್ತದೆ. ಉಳಿದ ಬಿಂದುಗಳು ದೂರದಲ್ಲಿರುವುದುಂಟು. ತಲೆನೋವಿಗೆ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ದಿಬ್ಬದಲ್ಲಿ ಸೂಜಿಯಿಟ್ಟರೆ ಆಶ್ಚರ್ಯಪಡಬೇಡಿ. ಅದು ಅತ್ಯಂತ ಹೆಚ್ಚು ಬಳಕೆಯಲ್ಲಿರುವ ಬಿಂದುಗಳಲ್ಲಿ ಒಂದು.

ಸೂಜಿಯ ಮಾತಿಗೆ ಬರೋಣ. ಅವ್ವ ಹೆದರಿರುವುದು ದವಾಖಾನೆಯ ಇಂಜೆಕ್ಷನ್ ಸೂಜಿಯನ್ನು ನೆನೆದು. ಆ ಸೂಜಿ ಒಳಗೆ ಪೊಳ್ಳಾಗಿದ್ದು, ತುದಿ ಓರೆಯಾಗಿ ಕೊಯ್ದಂತಿರುತ್ತದೆ. ದಪ್ಪ ಸುಮಾರು ಅರ್ಧ ಮಿಲಿಮೀಟರಿಗಿಂತ ಹೆಚ್ಚು. ಅಕ್ಯುಪಂಕ್ಚರ್ ಸೂಜಿ ಗಟ್ಟಿ ಉಕ್ಕಿನ ತಂತಿ, ದಪ್ಪ ಸಾಮಾನ್ಯವಾಗಿ ಕಾಲು ಮಿಲಿಮೀಟರ್, ಎರಡು ಬೆರಳುಗಳ ನಡುವೆ ಹಿಡಿದರೆ ಬಾಗುವಷ್ಟು ನಯ. ಚರ್ಮವನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಒಂದು ಸಣ್ಣ ಪ್ಲಾಸ್ಟಿಕ್ ಕೊಳವೆಯನ್ನು ಆ ಜಾಗದಲ್ಲಿಟ್ಟು, ಕೊಳವೆಯ ಮೇಲೆ ಚೂರೇ ಚೂರು ಹೊರಗೆ ಕಾಣುವ ಸೂಜಿಯ ತಲೆಯನ್ನು ತೋರುಬೆರಳಿನಿಂದ ಒಮ್ಮೆ ತಟ್ಟುತ್ತಾರೆ. ಅಷ್ಟರಲ್ಲಿ ಸೂಜಿ ಚರ್ಮದೊಳಗಿರುತ್ತದೆ. ಆಗ ಇರುವೆ ಕಚ್ಚಿದಷ್ಟು ಚುಚ್ಚು ತಿಳಿಯಬಹುದು, ತಿಳಿಯದೆಯೂ ಇರಬಹುದು. ಆಮೇಲೆ ಕೊಳವೆ ತೆಗೆದು ಸೂಜಿಯನ್ನು ಬೇಕಾದಷ್ಟು ಒಳಗಿಳಿಸಿ ನಿಧಾನವಾಗಿ ತಿರುವುತ್ತಾರೆ. ಆಗ ಬರುವ ಅನುಭವ ಚುಚ್ಚುವ ನೋವಲ್ಲ. ಭಾರ, ಜಗ್ಗು, ಜೋಮು, ಇಲ್ಲವೇ ಒಳಗೊಳಗೇ ಹರಡುವ ಬೇನೆ. ಚೀನೀ ವೈದ್ಯರು ಇದನ್ನು ‘ದೆ ಚಿ’ ಎನ್ನುತ್ತಾರೆ. ಸೂಜಿ ಸರಿಯಾದ ಜಾಗಕ್ಕೆ ಮುಟ್ಟಿತು ಎಂಬುದಕ್ಕೆ ಇದೇ ಗುರುತು ಎಂದು ಅವರು ತಿಳಿಯುತ್ತಾರೆ. ನನ್ನಲ್ಲಿಗೆ ಬರುವ ತಾಯಿಯೊಬ್ಬರು ಇದನ್ನು ಹೇಳಿದ ಬಗೆಯನ್ನು ನಾನು ಮರೆತಿಲ್ಲ: “ಒಳಗ ಯಾರೋ ಹೆಬ್ಬಟ್ಟಿಲೆ ಒತ್ತಿ ಹಿಡದಂಗ ಆಗತೈತ್ರೀ ಸಾಹೇಬ್ರ.” ಚುರುಕಾದ, ಸುಡುವಂಥ ಅಥವಾ ಕರೆಂಟ್ ಹೊಡೆದಂಥ ನೋವು ಬಂದರೆ ಮಾತ್ರ ಸುಮ್ಮನೆ ಸಹಿಸಿಕೊಳ್ಳದೆ ಕೂಡಲೇ ಹೇಳಬೇಕು, ಸೂಜಿಯನ್ನು ಸ್ವಲ್ಪ ಹಿಂದಕ್ಕೆಳೆದರೆ ಅದು ನಿಲ್ಲುತ್ತದೆ.

ಸಾಮಾನ್ಯವಾಗಿ ಹತ್ತರ ಆಚೀಚೆ ಸೂಜಿಗಳನ್ನಿಟ್ಟು 20ರಿಂದ 30 ನಿಮಿಷ ಅಲುಗಾಡದೆ ಮಲಗಲು ಬಿಡುತ್ತಾರೆ. ಸೂಜಿಯ ಸುತ್ತ ಚರ್ಮ ಕೆಂಪಾಗುವುದು ಒಳ್ಳೆಯದೇ, ಅಲ್ಲಿಗೆ ರಕ್ತ ಹೆಚ್ಚು ಹರಿದಿದೆ ಎಂದರ್ಥ. ಅನೇಕರಿಗೆ ಆ ಹೊತ್ತಿನಲ್ಲಿ ನಿದ್ದೆ ಹತ್ತುತ್ತದೆ. ಸೂಜಿ ತೆಗೆಯುವಾಗ ಒಂದೆರಡು ಕಡೆ ರಕ್ತದ ಹನಿ ಕಾಣಬಹುದು, ಮಾರನೆಯ ದಿನ ಸಣ್ಣ ಕಂದು ಕಲೆ ಉಳಿಯಬಹುದು. ಕೆಲವರಿಗೆ ಮೊದಲ ಸರದಿಯ ನಂತರ ಒಂದು ದಿನ ನೋವು ಹೆಚ್ಚಿದಂತಾಗಿ ಆಮೇಲೆ ಇಳಿಯುತ್ತದೆ. ಕೆಲವು ಕಡೆ ಸೂಜಿಯ ತಲೆಗೆ ಗಿಡಮೂಲಿಕೆಯ ಉಂಡೆಯಿಟ್ಟು ಶಾಖ ಕೊಡುತ್ತಾರೆ. ನಮ್ಮ ಮಾಚಿಪತ್ರೆಯ ಜಾತಿಗೆ ಸೇರಿದ ಗಿಡದ ಎಲೆಯದು ಅದು. ಹಳ್ಳಿಗಳಲ್ಲಿ ಬರೆ ಹಾಕುತ್ತಿದ್ದ ಹಾಗಲ್ಲ, ಚರ್ಮ ಸುಡಬಾರದು. ಸುಡುತ್ತಿದೆ ಎನ್ನಿಸಿದರೆ ತೆಗೆಸಬೇಕು.

ಒಂದು ಎಚ್ಚರಿಕೆಯನ್ನು ನನ್ನ ತಪ್ಪಿನಿಂದಲೇ ಹೇಳುತ್ತೇನೆ. ನಾನು ಈ ಕೆಲಸ ಶುರುಮಾಡಿದ ಹೊಸದರಲ್ಲಿ, ಶ್ರಾವಣ ಸೋಮವಾರದ ದಿನ ಹಿರಿಯರೊಬ್ಬರು ಬಂದರು. ಊಟವಾಗಿದೆಯೇ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಕುರ್ಚಿಯಲ್ಲಿ ಕೂರಿಸಿಯೇ ಹೆಗಲಿಗೆ ನಾಲ್ಕು ಸೂಜಿಯಿಟ್ಟೆ. ಐದು ನಿಮಿಷದಲ್ಲಿ ಅವರ ಹಣೆಯ ಮೇಲೆ ತಣ್ಣನೆಯ ಬೆವರು ಕಾಣಿಸಿತು, ತುಟಿ ಬಿಳಿಚಿತು, ನಾನು ಸೂಜಿ ಕೀಳುವುದರೊಳಗೆ ಅವರು ಒಂದು ಕಡೆಗೆ ವಾಲಿದರು. ನೆಲದ ಮೇಲೆ ಮಲಗಿಸಿ ಕಾಲು ಎತ್ತಿ ಹಿಡಿದ ಮೇಲೆ ಎರಡು ನಿಮಿಷದಲ್ಲಿ ಎಚ್ಚರಗೊಂಡರು, ಅಪಾಯವೇನೂ ಆಗಲಿಲ್ಲ. ಆದರೆ ಉಪವಾಸದ ದಿನ, ಮೊದಲ ಸರದಿ, ಕೂತ ಭಂಗಿ, ಈ ಮೂರೂ ಕೂಡಿದರೆ ತಲೆ ಸುತ್ತುವ ಸಂಭವ ಹೆಚ್ಚು ಎಂಬುದನ್ನು ನಾನು ಅಂದೇ ಗಮನದಲ್ಲಿಟ್ಟಿರಬೇಕಿತ್ತು. ಅಂದಿನಿಂದ ಮೊದಲ ಸಲ ಬಂದವರನ್ನು ಮಲಗಿಸದೆ ಸೂಜಿ ಮುಟ್ಟಿಲ್ಲ. ಅವ್ವ ಹೋಗುವ ಒಂದೆರಡು ಗಂಟೆ ಮೊದಲು ಒಂದು ರೊಟ್ಟಿಯನ್ನಾದರೂ ತಿಂದಿರಲಿ, ಮೊಣಕೈ, ಮೊಣಕಾಲುಗಳ ಮೇಲಕ್ಕೆ ಸುಲಭವಾಗಿ ಸರಿಸಬಹುದಾದ ಸಡಿಲ ಉಡುಪು ಇರಲಿ, ನೀನು ಜೊತೆಗಿರು. ಮಲಗಿಯೇ ಮಾಡಿರಿ ಎಂದು ಕೇಳಲು ಸಂಕೋಚಪಡಬೇಡಿ.

ಈ ಬಗೆಯ ತಲೆನೋವಿಗೆ ಫಲದ ನಿರೀಕ್ಷೆ ಇಟ್ಟುಕೊಳ್ಳಬಹುದು. ಬಹುಕಾಲದ ಬಿಗಿತದ ತಲೆನೋವಿಗೂ ಅರೆತಲೆನೋವು ಪದೇ ಪದೇ ಬರದಂತೆ ತಡೆಯಲೂ 5ರಿಂದ 8 ವಾರಗಳಲ್ಲಿ 10 ಸರದಿಗಳವರೆಗೆ ಅಕ್ಯುಪಂಕ್ಚರ್ ಕೊಟ್ಟು ನೋಡಬಹುದು ಎಂದು ಬ್ರಿಟನ್ನಿನ ನೈಸ್ 2012ರಿಂದ ಹೇಳುತ್ತ ಬಂದಿದೆ. ಮೊಣಕಾಲಿಗೆ ಬೇಡವೆಂದ ಸಂಸ್ಥೆಯೇ ತಲೆನೋವಿಗೆ ಆಗಬಹುದು ಎಂದಿರುವುದನ್ನು ಗಮನಿಸಿ. ಆದರೆ ಮೊರದ ಎತ್ತರ ಬದಲಾಗದೆ, ಗಂಟೆಗೊಮ್ಮೆ ಎದ್ದು ಹೆಗಲು ತಿರುಗಿಸದೆ ಹೋದರೆ ಗಂಟುಗಳು ಮತ್ತೆ ಕಟ್ಟುತ್ತವೆ. ಕೂಲಿಯು ಕಟ್ಟಿದ ಬೀಡಿಯ ಲೆಕ್ಕದ ಮೇಲೆ ಇರುವಾಗ ಏಳು ಎಂದು ಹೇಳುವುದು ಸುಲಭ, ಏಳುವುದು ಕಷ್ಟ ಎಂಬುದು ನನಗೆ ಗೊತ್ತಿದೆ. ಕನಿಷ್ಠ ಮೊರದ ಕೆಳಗೆ ಒಂದು ಗಟ್ಟಿ ದಿಂಬು ಇಟ್ಟು ಅದನ್ನು ಎತ್ತರಿಸಿ ಕೊಡು; ಅಷ್ಟರಿಂದಲೇ ಕುತ್ತಿಗೆ ಬಗ್ಗುವುದು ಕಡಿಮೆಯಾಗುತ್ತದೆ.

ಪ್ರಶ್ನೆ: ಸಕ್ಕರೆ ಕಾಯಿಲೆ, ಥೈರಾಯ್ಡ್, ಮೂತ್ರಪಿಂಡದ ಕಲ್ಲು, ಬಂಜೆತನ ಎಲ್ಲವನ್ನೂ ಸೂಜಿಯಿಂದ ಬುಡಸಮೇತ ಗುಣಪಡಿಸುವುದಾಗಿ ಹೇಳುವ ಕರಪತ್ರ ಸಂತೆಯಲ್ಲಿ ಸಿಕ್ಕಿತು. ನನಗೆ ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಮಾತ್ರೆ ಬಿಡಬಹುದೇ? — ಜತ್ತ

ಬಿಡಬೇಡಿ. ಸಕ್ಕರೆ ಕಾಯಿಲೆಯನ್ನು ಅಕ್ಯುಪಂಕ್ಚರ್ ಗುಣಪಡಿಸುತ್ತದೆ ಎಂಬುದಕ್ಕೆ ನಂಬಬಹುದಾದ ಆಧಾರವಿಲ್ಲ. ಇನ್ಸುಲಿನ್ ಅಥವಾ ಮಾತ್ರೆಯನ್ನು ನಿಲ್ಲಿಸಿದವರ ರಕ್ತದ ಸಕ್ಕರೆ ಏರುತ್ತದೆ. ಕಣ್ಣು, ಮೂತ್ರಪಿಂಡ, ಕಾಲಿನ ನರಗಳಿಗೆ ಆಗುವ ಹಾನಿ ಮತ್ತೆ ತುಂಬಿಬರುವಂಥದ್ದಲ್ಲ. ಒಂದೇ ಕರಪತ್ರದಲ್ಲಿ ಹತ್ತು ಬಗೆಯ ರೋಗಗಳಿಗೆ ಖಾತರಿ ಕೊಟ್ಟಿದ್ದರೆ ಅದನ್ನು ಹರಿದು ಹಾಕಲು ಅಷ್ಟೇ ಕಾರಣ ಸಾಕು. ಇನ್ನೊಂದು ಮಾತು. ನಿಮಗೆ ಪಾದ ಮರಗಟ್ಟುತ್ತಿದ್ದರೆ, ಬೇರಾವುದೋ ನೋವಿಗೆ ಅಕ್ಯುಪಂಕ್ಚರ್ ಮಾಡಿಸಲು ಹೋದಾಗಲೂ ಅದನ್ನು ಮೊದಲೇ ತಿಳಿಸಿ. ಸ್ಪರ್ಶಜ್ಞಾನ ಕಡಿಮೆಯಾದ ಪಾದದಲ್ಲಿ ಸೂಜಿಯ ಗಾಯವಾಗಲಿ ಶಾಖದ ಸುಟ್ಟಗಾಯವಾಗಲಿ ನಿಮಗೆ ತಿಳಿಯದೆ ಹೋಗಬಹುದು, ಸಕ್ಕರೆ ಹೆಚ್ಚಿದ್ದರೆ ಅದು ಬೇಗ ಮಾಯುವುದೂ ಇಲ್ಲ.

ಪ್ರಶ್ನೆ: ಪವರ್‌ಲೂಮ್‌ನಲ್ಲಿ ಚಾದರ ನೇಯುತ್ತೇನೆ, ವಯಸ್ಸು 38. ಮೂರು ವರ್ಷಗಳಿಂದ ಸೊಂಟನೋವು. ಎಷ್ಟು ಸಲ ಸೂಜಿ ಹಾಕಿಸಬೇಕು, ಕಾಯಂ ಆಗಿ ಹೋಗುತ್ತದೆಯೇ? ನನ್ನ ಗೆಳೆಯನೊಬ್ಬ ಇದೆಲ್ಲ ಮನಸ್ಸಿನ ಭ್ರಮೆ ಎನ್ನುತ್ತಾನೆ. — ಸೊಲ್ಲಾಪುರ

ನಿಮ್ಮ ಗೆಳೆಯನ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದನ್ನು ತಳ್ಳಿಹಾಕಿ ಮುಂದೆ ಹೋಗುವುದು ಪ್ರಾಮಾಣಿಕತೆಯಲ್ಲ. ಜರ್ಮನಿಯಲ್ಲಿ ಬಹುಕಾಲದ ಸೊಂಟನೋವಿನ 1162 ಜನರನ್ನು ಮೂರು ಗುಂಪು ಮಾಡಿ ನಡೆಸಿದ ಅಧ್ಯಯನದ ಫಲ 2007ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಚೀನೀ ಬಿಂದುಗಳಲ್ಲಿ ಸರಿಯಾದ ಆಳಕ್ಕೆ ಸೂಜಿಯಿಟ್ಟರು. ಇನ್ನೊಂದಕ್ಕೆ ಬಿಂದುಗಳಲ್ಲದ ಕಡೆ ಮೇಲೆ ಮೇಲೆ ಚುಚ್ಚುವ ಹುಸಿ ಚಿಕಿತ್ಸೆ ಕೊಟ್ಟರು. ಮೂರನೆಯದಕ್ಕೆ ಮಾತ್ರೆ, ವ್ಯಾಯಾಮಗಳ ರೂಢಿಯ ಚಿಕಿತ್ಸೆ. ಆರು ತಿಂಗಳ ನಂತರ ಚೆನ್ನಾಗಿ ಸುಧಾರಿಸಿದವರು ಮೊದಲ ಗುಂಪಿನಲ್ಲಿ ಶೇಕಡ 47.6, ಹುಸಿ ಸೂಜಿಯವರಲ್ಲಿ ಶೇಕಡ 44.2, ರೂಢಿಯ ಚಿಕಿತ್ಸೆಯವರಲ್ಲಿ ಶೇಕಡ 27.4.

ಈ ಮೂರು ಅಂಕಿಗಳನ್ನು ನಾನು ಸೂಜಿಗೆ ಬರುವ ಪ್ರತಿಯೊಬ್ಬರಿಗೂ ಹೇಳುತ್ತೇನೆ. ಬಿಂದು ಯಾವುದೆಂಬುದು ನಾವು ತಿಳಿದಷ್ಟು ಮುಖ್ಯವಲ್ಲ ಎಂದು ಅವು ಹೇಳುತ್ತವೆ; ಸೂಜಿ ಹಾಕಿಸಿಕೊಂಡವರು ಹಾಕಿಸಿಕೊಳ್ಳದವರಿಗಿಂತ ಹೆಚ್ಚು ಸುಧಾರಿಸಿದರು ಎಂದೂ ಹೇಳುತ್ತವೆ. ಮುಂದೆ 39 ಅಧ್ಯಯನಗಳ 20,000ಕ್ಕೂ ಹೆಚ್ಚು ರೋಗಿಗಳ ಮಾಹಿತಿಯನ್ನು ಒಟ್ಟು ಸೇರಿಸಿ 2018ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ನಿಜವಾದ ಸೂಜಿ ಹುಸಿಗಿಂತ ತುಸು ಮೇಲಾಗಿ ಕಂಡಿತು, ಆದರೆ ಆ ಅಂತರ ಚಿಕ್ಕದು. ಹಾಗಾದರೆ ಉಳಿದ ಫಲ ಎಲ್ಲಿಂದ ಬಂತು? ಚರ್ಮಕ್ಕೆ ಸೋಕಿದ ಯಾವುದೇ ಸೂಜಿಯೂ ನರವನ್ನು ಸ್ವಲ್ಪವಾದರೂ ಎಚ್ಚರಿಸುತ್ತದೆ. ಅದರ ಜೊತೆಗೆ ಅರ್ಧ ಗಂಟೆಯ ವಿಶ್ರಾಂತಿ, ನೋವನ್ನು ಕಿವಿಗೊಟ್ಟು ಕೇಳುವ ಒಬ್ಬ ವೈದ್ಯ, ವಾಸಿಯಾಗುತ್ತದೆಂಬ ಭರವಸೆ, ಇವೆಲ್ಲವೂ ಸೇರಿವೆ. ಭರವಸೆಯಿಂದ ಇಳಿಯುವ ನೋವು ಭ್ರಮೆಯ ನೋವಲ್ಲ. ಆಗಲೂ ಮೆದುಳು ಬಿಡುವುದು ಅದೇ ಎಂಡಾರ್ಫಿನ್‌ಗಳನ್ನು. ಹೀಗಿದ್ದೂ, ನಿಜವಾದ ಸೂಜಿಗೂ ಹುಸಿ ಸೂಜಿಗೂ ಅಂತರ ಚಿಕ್ಕದೆಂಬ ಕಾರಣದಿಂದ ನೈಸ್ 2009ರಲ್ಲಿ ಸೊಂಟನೋವಿಗೆ ಮಾಡಿದ್ದ ಶಿಫಾರಸನ್ನು 2016ರಲ್ಲಿ ಹಿಂದಕ್ಕೆ ಪಡೆಯಿತು. ಅಮೆರಿಕದ ವೈದ್ಯರ ಸಂಘವೊಂದು 2017ರಲ್ಲಿ, ಬಹುಕಾಲದ ಸೊಂಟನೋವಿಗೆ ಮಾತ್ರೆಗಿಂತ ಮೊದಲು ನೋಡಬಹುದಾದ ಉಪಾಯಗಳಲ್ಲಿ ಇದನ್ನೂ ಸೇರಿಸಿತು. ಇಡೀ ದಿನ ನೋವುಮಾತ್ರೆ ನುಂಗಿ ಹೊಟ್ಟೆಹುಣ್ಣು ಮಾಡಿಕೊಂಡವರನ್ನು ದಿನವೂ ನೋಡುವ ನಾನು, ಎರಡನೆಯ ಅಭಿಪ್ರಾಯದ ಕಡೆಗೆ ವಾಲುತ್ತೇನೆ.

ವಾರಕ್ಕೆ ಒಂದು ಅಥವಾ ಎರಡರಂತೆ ಆರು ಸರದಿ ಮಾಡಿಸಿ. ಪ್ರತಿ ವಾರ ಒಂದು ವಹಿಯಲ್ಲಿ ಎರಡು ಸಂಗತಿ ಬರೆದಿಡಿ: ಮಗ್ಗದ ಮುಂದೆ ಎಷ್ಟು ಹೊತ್ತು ನಿಲ್ಲಲು ಸಾಧ್ಯವಾಯಿತು, ಎಷ್ಟು ನೋವುಮಾತ್ರೆ ಬೇಕಾಯಿತು. ಆರರ ಕೊನೆಗೆ ಈ ಎರಡು ಅಂಕಿಗಳು ಬದಲಾಗದಿದ್ದರೆ ನಿಲ್ಲಿಸಿಬಿಡಿ. ಮುಂಗಡ ಹಣ ಕೊಟ್ಟು ಮೂವತ್ತು ಸರದಿಗಳ ಪ್ಯಾಕೇಜಿಗೆ ಒಪ್ಪಬೇಡಿ. ಬದಲಾಗಿದ್ದರೆ ಹತ್ತರವರೆಗೆ ಮುಂದುವರಿಸಿ. ಕಾಯಂ ಎಂಬ ಮಾತನ್ನು ನಾನು ಕೊಡಲಾರೆ. ಸಿಕ್ಕ ಆರಾಮದ ಅವಧಿಯಲ್ಲಿ ಬೆನ್ನಿನ ಮತ್ತು ಹೊಟ್ಟೆಯ ಸ್ನಾಯುಗಳ ವ್ಯಾಯಾಮವನ್ನು ಕಲಿತು ರೂಢಿಸಿಕೊಂಡವರಿಗೆ ಅದು ಹೆಚ್ಚು ಕಾಲ ನಿಲ್ಲುವುದನ್ನು ಕಂಡಿದ್ದೇನೆ.

ಸೂಜಿಗೆ ಮೊದಲು ಕಾರಣ ತಿಳಿಯಬೇಕು. ಸೊಂಟನೋವಿನ ಜೊತೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ಮಲಗಿದಾಗಲೂ ಬಿಡದ ನೋವು, ಕಾಲಿನಲ್ಲಿ ಶಕ್ತಿ ಕುಂದುವುದು ಇದ್ದರೆ ಮೊದಲು ತಪಾಸಣೆ ಆಗಲೇಬೇಕು. ಬೆನ್ನೆಲುಬಿನ ಕ್ಷಯವೂ ಹೀಗೆಯೇ ಆರಂಭವಾಗುತ್ತದೆ. ಮಲಮೂತ್ರದ ಹಿಡಿತ ತಪ್ಪಿದರೆ ಅಥವಾ ತೊಡೆಸಂದಿಯ ಭಾಗ ಜೋಮು ಹಿಡಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಪ್ರತಿ ಸಂಕ್ರಾಂತಿಯ ನಂತರ, ಸಿದ್ಧರಾಮೇಶ್ವರರ ಜಾತ್ರೆಯಲ್ಲಿ ನಂದಿಧ್ವಜ ಹೊತ್ತು ಸೊಂಟ ಹಿಡಿದುಕೊಂಡವರು ನನ್ನಲ್ಲಿಗೆ ಬರುತ್ತಾರೆ. ಅಂಥ ಹೊಸ ಉಳುಕಿಗೆ ಸೂಜಿಯ ಅವಸರವೇ ಬೇಕಾಗಿಲ್ಲ. ಹಾಸಿಗೆ ಹಿಡಿಯದೆ ಮೆಲ್ಲಗೆ ಓಡಾಡಿಕೊಂಡು ಶಾಖ ಕೊಟ್ಟರೆ ಬಹುಪಾಲು ಕೆಲವು ವಾರಗಳಲ್ಲಿ ತಾನಾಗಿ ಸರಿಹೋಗುತ್ತದೆ.

ಪ್ರಶ್ನೆ: ಹೃದಯದ ಕವಾಟ ಬದಲಾಯಿಸಿದ್ದು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತೇನೆ. ಸೊಸೆ ಐದು ತಿಂಗಳ ಬಸುರಿ. ನಾವಿಬ್ಬರೂ ಅಕ್ಯುಪಂಕ್ಚರ್ ಮಾಡಿಸಬಹುದೇ? — ಮೈಂದರ್ಗಿ

ನಿಮ್ಮ ವಿಷಯದಲ್ಲಿ ನಾನು ಬೇಡ ಎನ್ನುತ್ತೇನೆ. ಮಾತ್ರೆಯಿಂದ ಒಳಗೆ ರಕ್ತಸ್ರಾವದ ಸಂಭವ ಹೆಚ್ಚು, ಮತ್ತು ಕೃತಕ ಕವಾಟವಿರುವವರಿಗೆ ಚರ್ಮದ ಮೂಲಕ ಹೊಕ್ಕ ಸಣ್ಣ ಸೋಂಕೂ ದೊಡ್ಡದಾಗಬಹುದು. ಪೇಸ್‌ಮೇಕರ್ ಇರುವವರು ಸೂಜಿಗೆ ವಿದ್ಯುತ್ ಹರಿಸುವ ಬಗೆಯನ್ನು ಮಾಡಿಸಲೇಬಾರದು. ಸೊಸೆಯವರು ತಮ್ಮ ಹೆರಿಗೆ ವೈದ್ಯರನ್ನು ಕೇಳದೆ ಹೋಗುವುದು ಬೇಡ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ದಿಬ್ಬದ ಬಿಂದುವನ್ನೂ ಒಳ ಪಾದಗಂಟಿನ ಮೇಲಿನ ಬಿಂದುವನ್ನೂ ಗರ್ಭಿಣಿಯರಲ್ಲಿ ಬಳಸಬಾರದೆಂಬ ನಿಯಮ ಆ ಪದ್ಧತಿಯಲ್ಲೇ ಇದೆ.

ಪ್ರಶ್ನೆ: ನಮ್ಮೂರಿಗೆ ವಾರಕ್ಕೊಮ್ಮೆ ಬರುವ ಒಬ್ಬರು ಸೂಜಿಗಳನ್ನು ಒಂದು ಡಬ್ಬಿಯಲ್ಲಿ ಸ್ಪಿರಿಟ್‌ನಲ್ಲಿ ಅದ್ದಿಟ್ಟು ಎಲ್ಲರಿಗೂ ಅವನ್ನೇ ಬಳಸುತ್ತಾರೆ. ಇದು ಸರಿಯೇ? ಕಲಿತವರು ಯಾರು ಎಂದು ತಿಳಿಯುವುದು ಹೇಗೆ? — ದುಧನಿ

ಸರಿಯಲ್ಲ, ಇಂದೇ ನಿಲ್ಲಿಸಿ. ಸ್ಪಿರಿಟ್‌ನಲ್ಲಿ ಅದ್ದಿದ ಮಾತ್ರಕ್ಕೆ ಹೆಪಟೈಟಿಸ್ ಬಿ ವೈರಾಣು ಸಾಯುತ್ತದೆಂದು ನಂಬುವಂತಿಲ್ಲ. ಸರಿಯಾಗಿ ಶುದ್ಧಿಮಾಡದ ಅಕ್ಯುಪಂಕ್ಚರ್ ಸೂಜಿಗಳಿಂದ ಆ ಕಾಮಾಲೆ ಹರಡಿದ ಪ್ರಕರಣಗಳು ಹಲವು ದೇಶಗಳಲ್ಲಿ ದಾಖಲಾಗಿವೆ. ಅವರಿಂದ ಸೂಜಿ ಹಾಕಿಸಿಕೊಂಡವರೆಲ್ಲರೂ ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಸೂಜಿ ಒಬ್ಬರಿಗೆ ಒಂದೇ ಸಲ ಬಳಸುವಂಥದ್ದಾಗಿರಬೇಕು, ಅದರ ಮೊಹರಾದ ಪೊಟ್ಟಣವನ್ನು ನಿಮ್ಮ ಕಣ್ಣೆದುರಿಗೇ ಒಡೆಯಬೇಕು, ಕೆಲಸ ಮುಗಿದ ಮೇಲೆ ಚುಚ್ಚಿ ಹೊರಬಾರದಂಥ ಗಟ್ಟಿ ಡಬ್ಬಿಗೆ ಹಾಕಬೇಕು. ಇಟ್ಟ ಸೂಜಿಗಳನ್ನೂ ತೆಗೆದ ಸೂಜಿಗಳನ್ನೂ ಎಣಿಸಬೇಕು, ನೀವೂ ಎಣಿಸಿ.

ಮಹಾರಾಷ್ಟ್ರದಲ್ಲಿ ಈ ಚಿಕಿತ್ಸೆಗೆಂದೇ 2015ರ ಪ್ರತ್ಯೇಕ ಕಾಯಿದೆ ಇದೆ, ಅದರಡಿಯಲ್ಲಿ ಅಕ್ಯುಪಂಕ್ಚರ್ ಪರಿಷತ್ತೂ ಇದೆ. ನೋಂದಣಿ ಸಂಖ್ಯೆ ಎಷ್ಟು ಎಂದು ಕೇಳುವುದು ನಿಮ್ಮ ಹಕ್ಕು. ಗೋಡೆಯ ಮೇಲಿನ ಕಟ್ಟು ಹಾಕಿದ ಸರ್ಟಿಫಿಕೇಟು ಎರಡು ದಿನದ ಶಿಬಿರದ್ದೂ ಆಗಿರಬಹುದು. ಅಂಗರಚನೆ ಬಲ್ಲವರ ಕೈಯಲ್ಲಿ ಈ ಚಿಕಿತ್ಸೆ ಸಾಕಷ್ಟು ನಿರಪಾಯ. ಜರ್ಮನಿಯ 2,29,230 ರೋಗಿಗಳನ್ನು ಗಮನಿಸಿದ ಅಧ್ಯಯನದಲ್ಲಿ ಶೇಕಡ 8.6ರಷ್ಟು ಜನರಿಗೆ ಏನಾದರೊಂದು ತೊಂದರೆ ಕಂಡಿತು, ಬಹುಪಾಲು ಸಣ್ಣ ರಕ್ತಸ್ರಾವ, ಕಲೆ ಅಥವಾ ನೋವು. ಶ್ವಾಸಕೋಶಕ್ಕೆ ಸೂಜಿ ತಾಗಿ ಎದೆಗೂಡಿನಲ್ಲಿ ಗಾಳಿ ತುಂಬಿದ್ದು ಇಬ್ಬರಲ್ಲಿ ಮಾತ್ರ. ಆದರೆ ಆ ಅಧ್ಯಯನದಲ್ಲಿ ಸೂಜಿ ಹಿಡಿದವರೆಲ್ಲರೂ ವೈದ್ಯರು. ಹೆಗಲು, ಎದೆ, ಮೇಲ್ಬೆನ್ನಿಗೆ ಸೂಜಿ ಹಾಕಿಸಿಕೊಂಡ ಮೇಲೆ ಅಂದೋ ಮಾರನೆಯ ದಿನವೋ ಉಸಿರಾಟಕ್ಕೆ ತೊಂದರೆ, ಎದೆಯಲ್ಲಿ ಚುಚ್ಚುನೋವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಸೂಜಿ ಹಾಕಿಸಿದ್ದನ್ನು ಮುಚ್ಚಿಡದೆ ಹೇಳಿ.

ಪ್ರಶ್ನೆ: ಹೆಂಡತಿಗೆ ಕ್ಯಾನ್ಸರ್ ಚಿಕಿತ್ಸೆಯ ಔಷಧ ಹಾಕಿದ ನಂತರ ಎರಡು ಮೂರು ದಿನ ವಾಕರಿಕೆ ನಿಲ್ಲುವುದಿಲ್ಲ. ವಾಂತಿಯ ಮಾತ್ರೆ ಕೊಟ್ಟಿದ್ದಾರೆ, ಪೂರ್ತಿ ಸಾಲುತ್ತಿಲ್ಲ. ಸೂಜಿಯಿಂದ ಏನಾದರೂ ಆಗುತ್ತದೆಯೇ? — ಮಂದ್ರೂಪ

ಸ್ವಲ್ಪ ಆಗಬಹುದು, ಮತ್ತು ಅದರಲ್ಲಿ ಒಂದು ಭಾಗವನ್ನು ನೀವೇ ಮನೆಯಲ್ಲಿ ಸೂಜಿಯಿಲ್ಲದೆ ಮಾಡಬಹುದು. ವಾಂತಿ, ವಾಕರಿಕೆಗೆ ಮುಂಗೈಯ ಒಳಭಾಗದ ‘ನೈಗ್ವಾನ್’ ಎಂಬ ಬಿಂದುವಿನ ಬಗ್ಗೆ ಸಾಕಷ್ಟು ಅಧ್ಯಯನಗಳಾಗಿವೆ; ಶಸ್ತ್ರಚಿಕಿತ್ಸೆಯ ನಂತರದ ವಾಕರಿಕೆ ಇದರಿಂದ ತಗ್ಗುತ್ತದೆ ಎಂಬುದಕ್ಕೆ ಒಳ್ಳೆಯ ಆಧಾರವಿದೆ, ಕ್ಯಾನ್ಸರ್ ಔಷಧದ ವಾಕರಿಕೆಗೂ ಮಾತ್ರೆಯ ಜೊತೆಗೆ ಬಳಸುವುದುಂಟು. ಅವರ ಅಂಗೈಯನ್ನು ಮೇಲೆ ಮಾಡಿ ಹಿಡಿಯಿರಿ. ಮಣಿಕಟ್ಟಿನ ಗೆರೆಯ ಮೇಲೆ ಅವರದೇ ಇನ್ನೊಂದು ಕೈಯ ಮೂರು ಬೆರಳುಗಳನ್ನು ಅಡ್ಡಲಾಗಿ ಇಡಿಸಿ. ಮೊಣಕೈಯ ಕಡೆಗಿರುವ ಬೆರಳಿನ ಅಂಚಿನಲ್ಲಿ, ಮುಷ್ಟಿ ಬಿಗಿದಾಗ ಎದ್ದು ಕಾಣುವ ಎರಡು ಸ್ನಾಯುರಜ್ಜುಗಳ ನಡುವೆ ಆ ಬಿಂದು ಇದೆ. ಬೆರಳಿನ ಅಳತೆ ಅವರದೇ ಆಗಿರಬೇಕು, ನಿಮ್ಮ ದಪ್ಪ ಬೆರಳಿನದಲ್ಲ. ಅಲ್ಲಿ ಹೆಬ್ಬೆರಳಿನಿಂದ ಎರಡು ಮೂರು ನಿಮಿಷ ಗಟ್ಟಿಯಾಗಿ, ಆದರೆ ನೋಯದಂತೆ ಒತ್ತಿ. ಆಮೇಲೆ ಇನ್ನೊಂದು ಕೈಗೆ. ಔಷಧ ಹಾಕುವ ಸೂಜಿಯಿರುವ ಕೈಯನ್ನೂ, ಸ್ತನದ ಶಸ್ತ್ರಚಿಕಿತ್ಸೆಯ ನಂತರ ಬಾತಿರುವ ಕೈಯನ್ನೂ ಬಿಟ್ಟುಬಿಡಿ.

ವಾಂತಿಯ ಮಾತ್ರೆಯನ್ನು ಹೇಳಿದ ಹೊತ್ತಿಗೆ ಕೊಡುವುದನ್ನು ಇದಕ್ಕಾಗಿ ತಪ್ಪಿಸಬೇಡಿ. ಮಾತ್ರೆ ಸಾಲುತ್ತಿಲ್ಲವೆಂದು ಕ್ಯಾನ್ಸರ್ ವೈದ್ಯರಿಗೆ ಹೇಳಿದರೆ ಅದನ್ನು ಬದಲಾಯಿಸಲೂ ದಾರಿಗಳಿವೆ. ಎಷ್ಟೋ ಜನ ಸಂಕೋಚದಿಂದ ಹೇಳುವುದೇ ಇಲ್ಲ. ಸೂಜಿಯನ್ನೇ ಹಾಕಿಸಬೇಕೆಂದಿದ್ದರೆ, ಅದೇ ವಾರದ ರಕ್ತಪರೀಕ್ಷೆಯಲ್ಲಿ ಬಿಳಿ ರಕ್ತಕಣ ಮತ್ತು ಪ್ಲೇಟ್‌ಲೆಟ್‌ಗಳ ಎಣಿಕೆ ಎಷ್ಟಿದೆ ಎಂದು ಅವರಿಗೆ ತೋರಿಸಿ ಒಪ್ಪಿಗೆ ಪಡೆಯಿರಿ. ಎಣಿಕೆ ಇಳಿದಿರುವ ದಿನಗಳಲ್ಲಿ ಬೆರಳಿನ ಒತ್ತಡವಷ್ಟೇ ಇರಲಿ.